ಕೊಕ್ಕರೆಯ ಸುತ್ತಲಿನ ನೀರು

ಕೊಕ್ಕರೆಯ ಚಿತ್ರ ಮೂಡಿಸಿದ ಕ್ವಿಲ್ಟಿನ ಮುಂದೆ ನಿಂತವರು ಮೊದಲು ಹಕ್ಕಿಯನ್ನು ನೋಡುತ್ತಾರೆ. ನನ್ನ ಕಣ್ಣು ಹೋಗುವುದು ಅದರ ಸುತ್ತಲಿನ ಖಾಲಿ ಜಾಗಕ್ಕೆ. ಬಟ್ಟೆ ಕತ್ತರಿಸಿ ಕೊಕ್ಕರೆ ಕೂರಿಸುವುದು ಅನೇಕರಿಗೆ ಬರುತ್ತದೆ. ಅದು ನಿಂತ ನೀರನ್ನು ಬರಿಯ ದಾರದಲ್ಲಿ ತೋರಿಸುವವರು ಕಡಿಮೆ.

ಆ ದಾರದ ಕೆಲಸವನ್ನು ಮಷೀನಿನಲ್ಲಿ ಮಾಡುವ ಮಷೀನ್ ಕ್ವಿಲ್ಟಿಂಗ್ ಎಂದರೆ ಅಮೆರಿಕದಲ್ಲೂ ಬಹುಕಾಲ ಮೂಗು ಮುರಿಯುತ್ತಿದ್ದರು. 1989ರಲ್ಲಿ ಕೆಂಟಕಿಯ ಪಡೂಕಾ ಊರಿನ ಕ್ವಿಲ್ಟ್ ಪ್ರದರ್ಶನದಲ್ಲಿ ಕ್ಯಾರಲ್ ಬ್ರೈಯರ್ ಫಾಲರ್ಟ್ ಅವರ ಸೂರ್ಯಗ್ರಹಣದ ಕ್ವಿಲ್ಟ್ ಅಗ್ರ ಬಹುಮಾನ ಗೆದ್ದಿತು. ಮಷೀನಿನಲ್ಲಿ ಕ್ವಿಲ್ಟಿಂಗ್ ಮಾಡಿದ ಕೃತಿಗೆ ಅಲ್ಲಿ ಆ ಗೌರವ ಸಿಕ್ಕಿದ್ದು ಅದೇ ಮೊದಲು.

ಈ ವಿದ್ಯೆ ನಮ್ಮವರಿಗೇನೂ ಹೊಸದಲ್ಲ. ರವಿಕೆಗೆ ಮಷೀನಿನಲ್ಲೇ ಹೂಬಳ್ಳಿ ಹಾಕುವವರು ಬಟ್ಟೆ ತಳ್ಳುವ ಹಲ್ಲುಗಳಿಗೆ ಕೆಲಸ ತಪ್ಪಿಸಿ ರಿಂಗನ್ನು ಕೈಯಲ್ಲೇ ಆಡಿಸುತ್ತಾರಲ್ಲ, ಇದೂ ಅದೇ. ಕ್ವಿಲ್ಟಿನಲ್ಲಿ ಪದರ ಮೂರು: ಮೇಲ್ಬಟ್ಟೆ, ನಡುವೆ ಹತ್ತಿ, ಕೆಳಗೆ ಅಸ್ತರು. ಕೈ ಮುಂದೋಡಿದರೆ ಹೊಲಿಗೆ ಉದ್ದವಾಗುತ್ತದೆ, ತಡವರಿಸಿದರೆ ದಾರ ಒಂದೇ ಕಡೆ ಗುಡ್ಡೆ ಬೀಳುತ್ತದೆ. ತಿರುವಿನಲ್ಲಿ ಅವಸರ ಮಾಡಿದ್ದು ಮುಂದಿನಿಂದ ಕಾಣದು. ಮಗುಚಿ ನೋಡಿ, ಅಸ್ತರಿನ ಮೇಲೆ ದಾರ ರೆಪ್ಪೆಗೂದಲಿನ ಹಾಗೆ ಎದ್ದಿರುತ್ತದೆ.

ಒತ್ತಾಗಿ ಹೊಲಿದಲ್ಲಿ ಪದರಗಳು ಅಮುಕಿಹೋಗಿ ಚಪ್ಪಟೆಯಾಗುತ್ತವೆ, ಹೊಲಿಗೆ ಬೀಳದ ಹಕ್ಕಿಯ ಮೈ ತಾನಾಗಿ ಉಬ್ಬುತ್ತದೆ. ಹಿನ್ನೆಲೆ ಹೊಲಿಯುವುದೇ ಇದಕ್ಕೆ. ಆದರೆ ಒಂದು ಮೂಲೆ ಒತ್ತಾಗಿ ಇನ್ನೊಂದು ಸಡಿಲವಾದರೆ ಗೋಡೆಗೆ ತೂಗುಹಾಕಿದಾಗ ಅಂಚು ಸುಕ್ಕಾಡುತ್ತದೆ. ಆದ್ದರಿಂದ ನಡುವಿನಿಂದ ಹೊರಕ್ಕೆ ಹೊಲಿಯುತ್ತ ಬರುವುದು ರೂಢಿ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಕೈಯಲ್ಲಿ ಹೊಲಿಯುವ ಕೌದಿಗೆ ಕ್ರಮವೇ ತಿರುಗುಮುರುಗು: ಅಂಚಿನಿಂದ ಸುತ್ತುತ್ತ ಒಳಕ್ಕೆ.

ಇನ್ನು ನನ್ನ ತಕರಾರು. ಸ್ಟಿಪ್ಲಿಂಗ್ ಎಂಬ ಅಂಕುಡೊಂಕು ಗೆರೆಯನ್ನು ಆಕಾಶಕ್ಕೂ ಅದೇ, ಹುಲ್ಲಿಗೂ ಅದೇ ಎಂದು ತುಂಬಿಬಿಡುವುದು ಸೋಮಾರಿತನ. ನೀರಾದರೆ ಗೆರೆ ಅಡ್ಡ ಹೋಗಲಿ. ಹತ್ತಿರದ ನೀರಿಗೆ ಬಿಡಿಬಿಡಿಯಾಗಿ, ದೂರದ ದಡದತ್ತ ಸೇರಿಸೇರಿಸಿ. ಕಾಲಿನ ಸುತ್ತ ಎರಡು ಮೂರು ಬಳೆ ಸಾಕು. ದಾರ ಸಣ್ಣದಿರಲಿ, ಬಟ್ಟೆಯ ಬಣ್ಣದ್ದೇ ಇರಲಿ. ನಡುನಡುವೆ ಬಣ್ಣ ಬದಲಿಸುವ ದಾರಕ್ಕೆ ಈಗ ಭಾರಿ ಬೇಡಿಕೆ. ನೀಲಿಯ ನಡುವೆ ದಿಢೀರನೆ ಬಿಳಿ ಬಂದರೆ ನೋಡುವವರ ಕಣ್ಣು ಕೊಕ್ಕರೆಯನ್ನು ಬಿಟ್ಟು ಅಲ್ಲಿಗೇ ಓಡುತ್ತದೆ.