ಪ್ರತಿಪಾತ್ರದ ಸ್ವರೂಪ: ‘ಸಂಸ್ಕಾರ’ದ ನೆಲೆಯಲ್ಲಿ ಒಂದು ವಿವೇಚನೆ

ಪಾಶ್ಚಾತ್ಯ ವಿಮರ್ಶೆಯು ‘ಫಾಯಿಲ್’ ಎಂದು ಕರೆಯುವ ಪಾತ್ರವನ್ನು ಕನ್ನಡದಲ್ಲಿ ‘ಪ್ರತಿಪಾತ್ರ’ ಎನ್ನಬಹುದು. ರತ್ನದ ಹೊಳಪು ಹೆಚ್ಚಲೆಂದು ಅದರ ಅಡಿಯಲ್ಲಿ ತೆಳುವಾದ ಲೋಹದ ತಗಡನ್ನಿಡುವ ಕುಶಲಕರ್ಮದಿಂದ ಬಂದ ಪರಿಭಾಷೆ ಇದು. ಪ್ರತಿನಾಯಕನು ನಾಯಕನ ಗುರಿಗೆ ಅಡ್ಡಬರುತ್ತಾನೆ. ಪ್ರತಿಪಾತ್ರವು ಸಾಮ್ಯ-ವೈಷಮ್ಯಗಳ ಮೂಲಕ ನಾಯಕನ ಸ್ವಭಾವವನ್ನು ಬೆಳಗಿಸುತ್ತದೆ. ಈ ಭೇದವನ್ನು ಪರೀಕ್ಷಿಸಲು ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (1965) ತಕ್ಕ ಕೃತಿ.

ನಾರಣಪ್ಪನನ್ನು ಪ್ರಾಣೇಶಾಚಾರ್ಯರ ಎದುರಾಳಿಯೆಂದು ಓದುವುದು ರೂಢಿ. ಆದರೆ ಕಾದಂಬರಿಯ ಆರಂಭದಲ್ಲಿಯೇ ಅವನು ಸತ್ತಿರುತ್ತಾನೆ; ಸತ್ತವನು ಅಡ್ಡಬರಲಾರ. ಅಗ್ರಹಾರದ ನೆನಪಿನಲ್ಲಿ ಮಾತ್ರ ಉಳಿದಿರುವ ಅವನು ಆಚಾರ್ಯರೊಳಗಿನ ಪ್ರಶ್ನೆಯಾಗಿ ಬೆಳೆಯುತ್ತಾನೆ. ಸಾಲಿಗ್ರಾಮವನ್ನು ಹೊಳೆಗೆಸೆದವನ ಹಟಕ್ಕೂ, ರೋಗಗ್ರಸ್ತ ಪತ್ನಿಯ ಸೇವೆಯನ್ನೇ ಸಾಧನೆಯೆಂದು ಬಗೆದವರ ವ್ರತಕ್ಕೂ ನಡುವೆ ಒಂದು ಗುಪ್ತ ಸಾಮ್ಯವಿದೆ: ಇಬ್ಬರೂ ತಮ್ಮ ಬದುಕನ್ನು ಸಂಕಲ್ಪಪೂರ್ವಕವಾಗಿ ಆಯ್ದುಕೊಂಡವರು. ಆದುದರಿಂದಲೇ ಚಂದ್ರಿಯೊಡನೆ ಕಾಡಿನಲ್ಲಿ ಸಂಕಲ್ಪವಿಲ್ಲದೆಯೇ ನಡೆದುಹೋದ ಕೂಟವು ಆಚಾರ್ಯರನ್ನು ಬುಡಸಹಿತ ಅಲುಗಿಸುತ್ತದೆ. ಕೇವಲ ವೈಷಮ್ಯದಿಂದ ಪ್ರತಿಪಾತ್ರ ಸಿದ್ಧಿಸುವುದಿಲ್ಲ. ಸಮಾನವಾದ ನೆಲೆಯೊಂದು ಬೇಕೆಂಬುದು ಇದರಿಂದ ವಿದಿತವಾಗುತ್ತದೆ.

ಮಾಲೇರ ಪುಟ್ಟನ ಕಾರ್ಯ ಬೇರೆ ಬಗೆಯದು. ಅವನಲ್ಲಿ ಸಿದ್ಧಾಂತವಿಲ್ಲ, ದ್ವಂದ್ವವೂ ಇಲ್ಲ. ಮೇಳಿಗೆಯ ಜಾತ್ರೆಯಲ್ಲಿ ಅವನು ಸಹಜವಾಗಿ ಬೆರೆಯುತ್ತಿರುವಾಗ, ಸೂತಕದಲ್ಲಿರುವ ಆಚಾರ್ಯರು ಗುರುತು ಸಿಕ್ಕೀತೆಂಬ ಭಯದಿಂದ ಕುಗ್ಗುತ್ತಾರೆ. ನಾರಣಪ್ಪನು ಆಚಾರ್ಯರ ನಂಬಿಕೆಯನ್ನು ಅಳೆದರೆ, ಪುಟ್ಟನು ಅವರ ಭಯವನ್ನು ಅಳೆಯುತ್ತಾನೆ.

ಈ ಪರಿಕಲ್ಪನೆಯ ಮಿತಿ ಕಾಣುವುದು ಚಂದ್ರಿಯಲ್ಲಿ. ಶಾಸ್ತ್ರಗ್ರಂಥಗಳೂ ಮಾರುತಿಯ ಪ್ರಸಾದವೂ ಉತ್ತರಿಸದ ಸಮಸ್ಯೆಯನ್ನು ಅವಳು ಅಹಮದ್ ಬ್ಯಾರಿಯ ನೆರವಿನಿಂದ ಒಂದೇ ರಾತ್ರಿಯಲ್ಲಿ ಪರಿಹರಿಸುತ್ತಾಳೆ, ಶವ ದಹನವಾಗುತ್ತದೆ. ಅಗ್ರಹಾರಕ್ಕೆ ಇದು ತಿಳಿಯುವುದಿಲ್ಲ. ಅವಳು ಕುಂದಾಪುರದ ದಾರಿ ಹಿಡಿದು ಕಥೆಯಿಂದ ಮರೆಯಾಗುತ್ತಾಳೆ. ಶೀರ್ಷಿಕೆಯು ಸೂಚಿಸುವ ಕರ್ಮದ ನಿಜವಾದ ಕರ್ತೃ ಅವಳೇ ಆಗಿದ್ದರೂ, ಆ ಕರ್ತೃತ್ವಕ್ಕೆ ತಕ್ಕ ಅಂತರಂಗದ ವಿಸ್ತಾರವನ್ನು ಕಾದಂಬರಿ ಆಚಾರ್ಯರಿಗೆ ಮೀಸಲಿಡುತ್ತದೆ. ಚಂದ್ರಿಯನ್ನು ನಾಯಕನ ಪರಿವರ್ತನೆಗೆ ನಿಮಿತ್ತವೆಂದಷ್ಟೇ ಗುರುತಿಸುವ ವಿಮರ್ಶೆಯು ಕೃತಿಯ ಈ ಅಸಮತೋಲವನ್ನು ಪ್ರಶ್ನಿಸದೆ ಒಪ್ಪಿಕೊಂಡಂತಾಗುತ್ತದೆ.

ಎ. ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದದ (1976) ಮೂಲಕ ಈ ಕೃತಿಯನ್ನು ಕನ್ನಡೇತರ ತರಗತಿಗಳಲ್ಲಿ ಬೋಧಿಸುವವರಿಗೂ ಈ ಎಚ್ಚರ ಅಗತ್ಯ. ಯಾವ ಪಾತ್ರ ಯಾರನ್ನು ಬೆಳಗಿಸುತ್ತದೆ ಎಂಬ ಪ್ರಶ್ನೆಯ ಜೊತೆಗೆ, ಬೆಳಗಿಸುವ ಹೊಣೆ ಹೊತ್ತ ಪಾತ್ರವು ಸ್ವತಃ ಯಾವ ಕತ್ತಲೆಯಲ್ಲಿ ಉಳಿಯುತ್ತದೆ ಎಂಬುದನ್ನೂ ಕೇಳಬೇಕಾಗುತ್ತದೆ. ಪ್ರತಿಪಾತ್ರವೆಂಬ ಪರಿಭಾಷೆ ವಿಮರ್ಶೆಯ ಉಪಕರಣವಾಗಿ ಸಾರ್ಥಕವಾಗುವುದು ಈ ಎರಡನೆಯ ಪ್ರಶ್ನೆಗೂ ಅದು ಎಡೆಗೊಟ್ಟಾಗಲೇ.