ಕಾಳಿ, ಹುಲಿಯ, ಚಾರ್ಲಿ

ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಆತಕೂರಿನ ಕಲ್ಲಿದೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಿಂದ ಬಂದದ್ದು, ಕಾಲ ಕ್ರಿ.ಶ. 949–50. ರಾಷ್ಟ್ರಕೂಟರ ಮೂರನೆಯ ಕೃಷ್ಣ ಮತ್ತು ಗಂಗರ ಬೂತುಗ ಸೇರಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಸುದ್ದಿ ಅದರಲ್ಲಿದೆ ಎಂದು ಇತಿಹಾಸದವರು ಅದನ್ನು ಹುಡುಕಿಕೊಂಡು ಹೋಗುತ್ತಾರೆ. ಆದರೆ ಕಲ್ಲು ನಿಂತದ್ದು ಯುದ್ಧಕ್ಕಾಗಿ ಅಲ್ಲ, ಕಾಳಿ ಎಂಬ ನಾಯಿಗಾಗಿ. ಪರಾಕ್ರಮ ಮೆಚ್ಚಿದ ದೊರೆ ಏನು ಬೇಕೆಂದು ಕೇಳಿದಾಗ ಮಣಲೇರ ಎಂಬ ವೀರ ಬೇಡಿದ್ದು ಆ ಬೇಟೆನಾಯಿಯನ್ನು. ಅದು ಬೆಳತೂರಿನ ಗುಡ್ಡದಲ್ಲಿ ಕಾಡುಹಂದಿಯ ಜೊತೆ ಸೆಣಸಿ, ಹಂದಿಯನ್ನೂ ಕೊಂದು ತಾನೂ ಸತ್ತಿತು. ಮಣಲೇರ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟ. ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ, ಅಂದರೆ ಗುಡಿಯ ಪೂಜಾರಿಗೆ, ಪಾಪ ತಟ್ಟಲಿ ಎಂದೂ ಬರೆಸಿದ.

ಒಬ್ಬ ಮನುಷ್ಯ ಮತ್ತು ಅವನ ನಾಯಿಯ ಕಥೆಯಾದ ‘777 ಚಾರ್ಲಿ’ 2022ರ ಜೂನ್ 10ರಂದು ತೆರೆಕಂಡಾಗ, ಇಂಥ ಕಥೆ ಕನ್ನಡಕ್ಕೆ ಹೊಸದು ಎಂಬ ಮಾತು ಬಹಳ ಕೇಳಿಬಂತು. ಹಾಲಿವುಡ್‌ನ ‘ಹಾಚಿ’, ‘ಮಾರ್ಲಿ ಆ್ಯಂಡ್ ಮಿ’ಗಳ ಜೊತೆ ಹೋಲಿಸಿದರು. ಆ ಹೋಲಿಕೆಯಲ್ಲಿ ಹುರುಳಿಲ್ಲವೆಂದಲ್ಲ, ಆದರೆ ಚಾರ್ಲಿಯನ್ನು ಅಳೆಯಬೇಕಾದ ಕೋಲು ನಮ್ಮಲ್ಲೇ ಇದೆ. ನಾಯಿಗಾಗಿ ದುಃಖಿಸುವುದನ್ನು ಈ ನಾಡು ಸಾವಿರ ವರ್ಷದ ಹಿಂದೆಯೇ ಕಲ್ಲಿನಲ್ಲಿ ಕಡೆದಿತ್ತು. ಆ ದುಃಖಕ್ಕೆ ಭೂಮಿ ಬೇಕಿತ್ತು, ಬಿಡುವು ಬೇಕಿತ್ತು, ಅಧಿಕಾರವೂ ಬೇಕಿತ್ತು. ಮಣಲೇರನಿಗೆ ಮೂರೂ ಇದ್ದವು.

ಇಲ್ಲದವನ ಕಥೆಯನ್ನು ಬರೆದವರು ಕುವೆಂಪು. 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಗುತ್ತಿ ಸಿಂಬಾವಿ ಹೆಗ್ಗಡೆಯವರ ಜೀತದಾಳು. ಜನ ಅವನನ್ನು ಕರೆಯುವುದೇ ನಾಯಿಗುತ್ತಿ ಎಂದು, ಯಾಕೆಂದರೆ ಅವನ ನಾಯಿ ಹುಲಿಯ ಅವನ ಬೆನ್ನು ಬಿಟ್ಟು ಇರುವುದಿಲ್ಲ. ಕೊನೆಗೆ ತಾನು ಒಲಿದ ತಿಮ್ಮಿಯನ್ನು ಕರೆದುಕೊಂಡು ತುಂಬಿದ ತುಂಗೆಯನ್ನು ದಾಟುವಾಗ, ದೋಣಿಯ ಹಿಂದೆ ಈಜಿ ಬಂದ ಹುಲಿಯ ಹೊಳೆಯ ಪಾಲಾಗುತ್ತದೆ. ಕನ್ನಡದಲ್ಲಿ ಪ್ರಾಣಿಯ ಸಾವಿನ ಬಗ್ಗೆ ಇದಕ್ಕಿಂತ ತೀಕ್ಷ್ಣವಾದ ಬರಹವನ್ನು ನಾನು ಓದಿಲ್ಲ. ಗುತ್ತಿಯ ಎದೆ ಒಡೆಯುತ್ತದೆ, ಆದರೆ ಅವನು ದಡದಲ್ಲಿ ಕೂರುವ ಹಾಗಿಲ್ಲ. ಹಿಂದೆ ಒಡೆಯರಿದ್ದಾರೆ, ಮುಂದೆ ಬದುಕಿದೆ. ಕುವೆಂಪು ಅವನಿಗೆ ಬೇರೊಂದು ನಾಯಿಯನ್ನೂ ಕೊಡುವುದಿಲ್ಲ.

ನಮ್ಮ ಸಿನಿಮಾ ಬಹುಕಾಲ ಈ ಎರಡು ದಾರಿಗಳನ್ನೂ ಬಿಟ್ಟು ನಾಯಿಯನ್ನು ನಿಷ್ಠೆಯ ಯಂತ್ರ ಮಾಡಿಕೊಂಡಿತ್ತು. 1984ರ ‘ತಾಳಿಯ ಭಾಗ್ಯ’ ಮರುವರ್ಷ ಹಿಂದಿಯಲ್ಲಿ ‘ತೇರಿ ಮೆಹರ್‌ಬಾನಿಯಾಂ’ ಆಯಿತು. ನಿರ್ದೇಶಕರು ನಮ್ಮ ‘ಗಂಧದ ಗುಡಿ’ಯ ವಿಜಯ್ ಅವರೇ. ಅಲ್ಲಿ ಒಡೆಯನನ್ನು ಕೊಂದವರ ಮೇಲೆ ಸೇಡು ತೀರಿಸಿಕೊಳ್ಳುವುದೇ ನಾಯಿಯ ಕೆಲಸ. ದುಃಖವನ್ನೂ ಕೋಪವನ್ನೂ ಮನುಷ್ಯರು ನಾಯಿಗೆ ವಹಿಸಿಬಿಟ್ಟಿದ್ದಾರೆ. 2020ರ ‘ನಾನು ಮತ್ತು ಗುಂಡ’ ಆಟೋ ಚಾಲಕನ ಮನೆಯೊಳಗೆ ನಾಯಿಯನ್ನು ತಂದು ಒಂದು ಒಳ್ಳೆಯ ಹೆಜ್ಜೆ ಇಟ್ಟಿತು. ಶಿವರಾಜ್ ಕೆ.ಆರ್. ಪೇಟೆ ಅವರ ದುಡಿಯುವ ಮುಖ ಅದಕ್ಕೆ ಮಣ್ಣಿನ ವಾಸನೆ ಕೊಟ್ಟಿತ್ತು. ಆದರೆ ಅಲ್ಲಿಯೂ ನಾಯಿಯ ಪ್ರೀತಿಗೆ ಪದೇ ಪದೇ ಪರೀಕ್ಷೆ ಒಡ್ಡಲಾಗುತ್ತದೆ.

‘777 ಚಾರ್ಲಿ’ ಮಾಡಿದ ಕಿರಣ್‌ರಾಜ್ ಕೆ. ಬೇರೆ ಕಡೆಯಿಂದ ಹೊರಟರು. ಕಾಸರಗೋಡಿನಿಂದ ಬಂದ ಈ ನಿರ್ದೇಶಕರ ಮೊದಲ ಚಿತ್ರದ ನಾಯಕ ಧರ್ಮ, ಮೈಸೂರಿನ ಒಂದು ಕಾರ್ಖಾನೆಯ ಕೆಲಸಗಾರ. ಅಪ್ಪ, ಅಮ್ಮ, ತಂಗಿ ಮೂವರನ್ನೂ ಅಪಘಾತದಲ್ಲಿ ಕಳೆದುಕೊಂಡವನು. ಕಾರ್ಖಾನೆ, ಜಗಳ, ಇಡ್ಲಿ, ಬಿಯರು, ಸಿಗರೇಟು, ರಾತ್ರಿ ಚಾಪ್ಲಿನ್ ಸಿನಿಮಾ: ಅವನ ದಿನ ಇಷ್ಟೇ. ರಕ್ಷಿತ್ ಶೆಟ್ಟಿ ಈ ಭಾಗದಲ್ಲಿ ತಮ್ಮ ತಾರಾಮೆರುಗನ್ನು ಪೂರ್ತಿ ಬದಿಗಿಟ್ಟು ನಟಿಸಿದ್ದಾರೆ. ಕನ್ನಡ ಚಿತ್ರಗಳಿಗೆ ಕಾರ್ಖಾನೆ ಬೇಕಾದದ್ದು ಹೆಚ್ಚಾಗಿ ಮುಷ್ಕರಕ್ಕೆ, ಯಜಮಾನನ ಮಗಳ ಪ್ರೇಮಕ್ಕೆ ಅಥವಾ ಹೊಡೆದಾಟಕ್ಕೆ. ಪಾಳಿ ಮುಗಿಸಿದ ಒಬ್ಬ ಗಂಡಸು ಖಾಲಿ ಮನೆಯ ಬೀಗ ತೆಗೆಯುವುದನ್ನು ಇಷ್ಟು ತಾಳ್ಮೆಯಿಂದ ನೋಡಿದ ಚಿತ್ರ ಅಪರೂಪ.

ಬೆಂಗಳೂರಿನ ಅಂಚಿನ ಕೈಗಾರಿಕಾ ಪ್ರದೇಶ ಜಿಗಣಿಯಲ್ಲಿ ಇರುವವರಿಗೆ ಧರ್ಮ ಪರದೆಯ ಪಾತ್ರವಾಗಿ ಕಾಣುವುದಿಲ್ಲ. ಎಪಿಸಿ ಸರ್ಕಲ್‌ನಲ್ಲಿ ಪಾಳಿ ಬದಲಾಗುವ ಹೊತ್ತಿಗೆ ನಿಂತರೆ ಅವನಂಥವರು ಸಾಲಾಗಿ ಹೋಗುತ್ತಾರೆ. ಕೆಐಎಡಿಬಿ ಪ್ರದೇಶದ ಗ್ರಾನೈಟ್ ಘಟಕಗಳಿಗೆ, ಔಷಧ ಕಾರ್ಖಾನೆಗಳಿಗೆ, ಮೆಷಿನ್ ಶಾಪುಗಳಿಗೆ ರಾಯಚೂರು, ಕಲಬುರಗಿಯಿಂದ ಬಂದವರು, ಒಡಿಶಾ, ಬಿಹಾರದವರು. ಒಂದೇ ರೂಮು, ಮೂರು ಪಾಳಿಯವರ ಹಾಸಿಗೆ. ಊರಲ್ಲಿ ತಂದೆ ತೀರಿಕೊಂಡರೆ ಬಸ್ಸಿನಲ್ಲಿ ಹೋಗಿ, ಕಾರ್ಯ ಮುಗಿಯುವ ಮುನ್ನವೇ ವಾಪಸು ಬಂದು ಮೆಷಿನ್ ಮುಂದೆ ನಿಲ್ಲುವವರನ್ನು ಇಲ್ಲಿ ಯಾರೂ ಬೆರಗಿನಿಂದ ನೋಡುವುದಿಲ್ಲ. ಅವರ ಜೊತೆಗಿರುವುದು ಚಾರ್ಲಿಯಂಥ ಲ್ಯಾಬ್ರಡಾರ್ ಅಲ್ಲ. ಗೇಟಿನ ಬಳಿಯ ಬೀದಿನಾಯಿ. ಟೀ ಅಂಗಡಿಯ ಬನ್ನು, ರಾತ್ರಿಪಾಳಿಯ ಸೆಕ್ಯೂರಿಟಿಯವರ ಬುತ್ತಿಯಲ್ಲಿ ಉಳಿದ ಅನ್ನ ಅದರ ಪಾಲು. ಅದಕ್ಕೆ ಒಬ್ಬ ಒಡೆಯ ಇರುವುದಿಲ್ಲ. ಪಾಳಿ ಬದಲಾದಂತೆ ಅನ್ನ ಹಾಕುವ ಕೈಯೂ ಬದಲಾಗುತ್ತದೆ.

ಚಿತ್ರದ ಮೊದಲರ್ಧ ನನ್ನನ್ನು ಹಿಡಿದಿಟ್ಟದ್ದು ಇದಕ್ಕೇ. ಕ್ರೂರ ತಳಿಗಾರನ ಮನೆಯಿಂದ ತಪ್ಪಿಸಿಕೊಂಡ ನಾಯಿಯನ್ನು ಧರ್ಮ ಬಯಸಿದ್ದಲ್ಲ. ಅದು ಅವನ ತಲೆಗೆ ಕಟ್ಟಿದ ಹೊರೆ. ಅದು ಮನೆ ಕೆಡಿಸುತ್ತದೆ, ನಿದ್ದೆ ಕೆಡಿಸುತ್ತದೆ. ಅವನು ಕುಸಿದು ಬಿದ್ದಾಗ ಜನರನ್ನು ಕರೆಯುವುದೂ ಅದೇ. ಆ ನಂತರ ಸಂಬಂಧ ತಿರುವುಮುರುವಾಗುತ್ತದೆ: ರಕ್ತಸಂಬಂಧದ ನಾಯಿಗಳನ್ನೇ ಕೂಡಿಸಿ ತಳಿ ಬೆಳೆಸಿದ್ದರಿಂದ ಚಾರ್ಲಿಗೆ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಶುಶ್ರೂಷೆ ಮಾಡುವ ಸರದಿ ಅವನದು. ನಾಯಿ ಮನುಷ್ಯನನ್ನು ಗುಣಪಡಿಸುತ್ತದೆ ಎಂಬ ಸವೆದ ಸೂತ್ರವನ್ನು ಕಿರಣ್‌ರಾಜ್ ಇಲ್ಲಿ ಮುರಿದಿದ್ದಾರೆ. ಧರ್ಮನಿಗೆ ಚೇತರಿಕೆ ಬರುವುದು ಪ್ರೀತಿ ಪಡೆದದ್ದರಿಂದಲ್ಲ, ಸಾಯುವ ಜೀವದ ಪಕ್ಕದಲ್ಲಿ ನಿಲ್ಲುವುದನ್ನು ಈ ಸಲವಾದರೂ ಕಲಿತದ್ದರಿಂದ. ಮೊದಲ ಸಲ ಅವನಿಗೆ ಆ ಅವಕಾಶವೇ ಸಿಕ್ಕಿರಲಿಲ್ಲ, ಅಪಘಾತ ಎಲ್ಲರನ್ನೂ ಒಮ್ಮೆಗೇ ಒಯ್ದಿತ್ತು. ಈ ಒಳನೋಟಕ್ಕೆ ನಾನು ತಲೆಬಾಗುತ್ತೇನೆ. ಪ್ರಮೋದ್ ಬಿ.ಸಿ. ಅವರ ತರಬೇತಿಯನ್ನೂ ಮರೆಯುವಂತಿಲ್ಲ. ಚಾರ್ಲಿಯ ನೋಟ ಎಲ್ಲಿಯೂ ಕಲಿಸಿದ್ದರ ಹಾಗೆ ಕಾಣುವುದಿಲ್ಲ.

ಆಮೇಲೆ ಚಾರ್ಲಿಗೆ ಹಿಮ ತೋರಿಸಲೆಂದು ಸೈಡ್‌ಕಾರ್ ಕಟ್ಟಿದ ಬೈಕು ಹಿಮಾಲಯದ ಕಡೆಗೆ ಹೊರಡುತ್ತದೆ, ಕಾರ್ಖಾನೆ ಹಿಂದೆ ಉಳಿಯುತ್ತದೆ. ಧರ್ಮನೆಂಬ ಹೆಸರು, ಜೊತೆಗೊಂದು ನಾಯಿ, ಉತ್ತರಕ್ಕೆ ಪಯಣ: ಪಾಂಡವರ ಮಹಾಪ್ರಸ್ಥಾನದ ಕಥೆಯನ್ನು ಹರಿಕಥೆಯಲ್ಲೋ ಅಜ್ಜಿಯ ಬಾಯಲ್ಲೋ ಕೇಳಿದವರಿಗೆ ಸೂಚನೆ ತಟ್ಟನೆ ಹೊಳೆಯುತ್ತದೆ. ಪುರಾಣದಲ್ಲಿ ಧರ್ಮರಾಯ ರಾಜ್ಯವನ್ನೇ ಬಿಟ್ಟು ಹೊರಟವನು. ಬಿಡಲು ಅವನಲ್ಲಿ ಏನೋ ಇತ್ತು. ಬಾಡಿಗೆ ಕಟ್ಟಬೇಕಾದ, ಇಎಸ್‌ಐ ಕಾರ್ಡು ಇಟ್ಟುಕೊಂಡ ಕೆಲಸಗಾರ ತಿಂಗಳುಗಟ್ಟಲೆ ರಸ್ತೆಯಲ್ಲಿರುವುದಕ್ಕೆ ಸಂಬಳ ಎಲ್ಲಿಂದ, ರಜೆ ಎಲ್ಲಿಂದ? ಇದು ಕೊಂಕು ಹುಡುಕುವ ಪ್ರಶ್ನೆಯಲ್ಲ. ಅವನ ಕೆಲಸವೇ ಅವನ ಒಂಟಿತನದ ಅರ್ಧ ಕಾರಣ ಎಂದು ಚಿತ್ರವೇ ಮೊದಲು ತೋರಿಸಿದೆ. ಗುತ್ತಿಯ ವಂಶದವನಾಗಿ ಶುರುವಾದ ನಾಯಕ ನಡುವಿನಲ್ಲಿ ಮಣಲೇರನಾಗಿಬಿಡುತ್ತಾನೆ. ಆ ಬದಲಾವಣೆಯನ್ನು ಚಿತ್ರ ಗಮನಿಸುವುದೂ ಇಲ್ಲ.

ಪಯಣದ ಕಂತುಗಳಲ್ಲಿ ಶ್ವಾನಪ್ರದರ್ಶನದ ಭಾಗ ನನಗೆ ಒಪ್ಪಿಗೆಯಾಗಲಿಲ್ಲ. ಬಾಬಿ ಸಿಂಹ ಅವರ ಪಾತ್ರಕ್ಕೆ ಘನತೆಯಿದೆ, ಆದರೆ ಸಾಯುತ್ತಿರುವ ನಾಯಿಗೆ ಸ್ಪರ್ಧೆಯ ಚಪ್ಪಾಳೆ ಯಾಕೆ ಬೇಕು? ತಳಿ ಮಾರುವ ದಂಧೆಯನ್ನು ಖಂಡಿಸುವ ಚಿತ್ರ ತಳಿಯನ್ನು ಮೆರೆಸುವ ಕಣಕ್ಕೇ ಹೋಗಿ ಪ್ರೇಕ್ಷಕರ ಕಣ್ಣೀರು ಕೇಳುತ್ತದೆ. ಅಂತ್ಯದಲ್ಲಿ ಹಿಮದ ನಡುವೆ ಚಾರ್ಲಿ ಮರಿಯೊಂದನ್ನು ಬಿಟ್ಟುಹೋಗುವುದು ಇದಕ್ಕಿಂತ ದೊಡ್ಡ ರಾಜಿ. ಹೋದ ಜೀವದ ಜಾಗಕ್ಕೆ ಅದರದೇ ರಕ್ತದ ಇನ್ನೊಂದನ್ನು ಕೊಟ್ಟರೆ ನೋಡುವವರಿಗೆ ಸಮಾಧಾನವೇನೋ ಆಗುತ್ತದೆ, ಆದರೆ ಅಲ್ಲಿಯವರೆಗೆ ಅವನು ಕಲಿತದ್ದರ ತೂಕ ಇಳಿದುಹೋಗುತ್ತದೆ.

ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಚಿತ್ರ ನೋಡಿ, ತಾವು ಕಳೆದುಕೊಂಡ ನಾಯಿಯನ್ನು ನೆನೆದು ಅತ್ತರು. ಸರ್ಕಾರ ಆರು ತಿಂಗಳ ಮಟ್ಟಿಗೆ ರಾಜ್ಯದ ಪಾಲಿನ ಜಿಎಸ್‌ಟಿ ವಿನಾಯಿತಿ ಕೊಟ್ಟಿತು. 69ನೇ ರಾಷ್ಟ್ರೀಯ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರವಾಯಿತು. ಆ ಕಣ್ಣೀರು ನಿಜವಾದದ್ದು, ಅದನ್ನು ಹಗುರ ಮಾಡಲಾರೆ. ಚಿತ್ರಮಂದಿರದಲ್ಲಿ ಗಂಡಸರು ಮುಖ ಮುಚ್ಚಿಕೊಳ್ಳದೆ ಅತ್ತದ್ದು ಕನ್ನಡ ಚಿತ್ರರಂಗ ಗಳಿಸಿದ ಒಂದು ಸಂಗತಿ.

ಈಗ ಬೇಕಾಗಿರುವುದು ಚಾರ್ಲಿಯ ಅನುಕರಣೆಯಲ್ಲ. ಕಿರಣ್‌ರಾಜ್ ಅವರೇ ಮೊದಲರ್ಧದಲ್ಲಿ ತೆರೆದ ಬಾಗಿಲೊಳಗೆ ಯಾರಾದರೂ ಕಾಲಿಡಬೇಕು. ಹಿಮಾಲಯವೂ ಇಲ್ಲದ, ಮರಿಯೂ ಇಲ್ಲದ ಕಥೆ. ನಾಯಿಯನ್ನು ಮಣ್ಣು ಮಾಡಿ ಬಂದ ಧರ್ಮ ಮರುದಿನ ಬೆಳಿಗ್ಗೆ ಆರರ ಪಾಳಿಗೆ ಹೋಗಬೇಕು. ಕಾರ್ಡು ಪಂಚ್ ಮಾಡಬೇಕು. ನಿನ್ನೆ ಯಾಕೆ ಬರಲಿಲ್ಲ ಎಂದು ಸೂಪರ್‌ವೈಸರ್ ಕೇಳಿದಾಗ ಏನಾದರೂ ಉತ್ತರ ಹೇಳಬೇಕು. ಆ ಉತ್ತರವನ್ನು ಬರೆಯಬಲ್ಲ ಚಿತ್ರಕಥೆಗಾರನಿಗೆ ಜಿಗಣಿಯಲ್ಲಿ ಸಾಮಗ್ರಿಗೆ ಕೊರತೆಯಿಲ್ಲ.