ಕಂಪನಿಯ ಹುಡುಗ ಪರದೆಗೆ ಬರಲೇ ಇಲ್ಲ

1954ರಲ್ಲಿ ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್, ನರಸಿಂಹರಾಜು ಮತ್ತು ಜಿ.ವಿ. ಅಯ್ಯರ್ ಒಟ್ಟಿಗೆ ಕಾಣಿಸಿಕೊಂಡರು. ಮೂವರೂ ನಾಟಕ ಕಂಪನಿಗಳಲ್ಲಿ ಬೆಳೆದ ಹುಡುಗರು. ತಿಪಟೂರಿನ ನರಸಿಂಹರಾಜು ನಾಲ್ಕನೆಯ ವಯಸ್ಸಿಗೇ ಸಿ.ಬಿ. ಮಲ್ಲಪ್ಪನವರ ಕಂಪನಿಯ ಪಾಲಾದವರು. ಮುಂದೆ ರಾಜ್‌ಕುಮಾರ್ ಆದ ಗಾಜನೂರಿನ ಮುತ್ತುರಾಜ ಪ್ರಾಥಮಿಕ ಶಾಲೆಯನ್ನೂ ಪೂರೈಸದೆ ತಂದೆಯ ಹಿಂದೆ ಗುಬ್ಬಿ ವೀರಣ್ಣನವರ ಕಂಪನಿಗೆ ನಡೆದವನು. ಅಯ್ಯರ್ ಬಾಲ್ಯದಲ್ಲೇ ಅದೇ ಕಂಪನಿ ಸೇರಿದವರು. ಕನ್ನಡ ಚಿತ್ರರಂಗಕ್ಕೆ ಅಡಿಪಾಯ ಹಾಕಿದವರೇ ಇಂಥ ಹುಡುಗರು. ಆದರೂ ಅಂಥ ಒಬ್ಬ ಹುಡುಗನ ಬದುಕನ್ನು ಅವನದೇ ನೆನಪಿನಿಂದ ಹೇಳುವ ಕಥಾಚಿತ್ರ ನಮ್ಮ ಪರಂಪರೆಯಲ್ಲಿ ನೆಲೆಯೂರಲಿಲ್ಲ. ಇದನ್ನು ನಾನು ಸಣ್ಣ ಕೊರತೆಯೆಂದು ಭಾವಿಸುವುದಿಲ್ಲ.

ಹೊರಗೆ ಈ ಬಗೆಯ ಸಿನಿಮಾಕ್ಕೆ ದೊಡ್ಡ ಪರಂಪರೆಯೇ ಇದೆ. ಫ್ರಾನ್ಸ್‌ನ ತ್ರೂಫೋ 1959ರಲ್ಲಿ ‘ದ ಫೋರ್ ಹಂಡ್ರೆಡ್ ಬ್ಲೋಸ್’ ಮಾಡಿದಾಗ ಮನೆಗೂ ಶಾಲೆಗೂ ಬೇಡವಾದ ಆಂತ್ವಾನ್ ಎಂಬ ಹುಡುಗನಲ್ಲಿ ತನ್ನ ಬಾಲ್ಯವನ್ನೇ ಇಟ್ಟ. ಸ್ಕಾಟ್ಲೆಂಡ್‌ನ ಬಿಲ್ ಡಗ್ಲಸ್ 1972ರಿಂದ 1978ರೊಳಗೆ ತನ್ನ ಬಾಲ್ಯದ ಮೇಲೆ ಮೂರು ಚಿತ್ರಗಳನ್ನು ತೆಗೆದ. ತಾನು ಹುಟ್ಟಿದ ಗಣಿಯೂರಿನಲ್ಲೇ ಕ್ಯಾಮೆರಾ ಇಟ್ಟ. ಆ ಚಿತ್ರಗಳಲ್ಲಿ ಜೇಮಿ ಎಂಬ ಹುಡುಗ ಮಾತಾಡುವುದೇ ಅಪರೂಪ. ಅಳು ಬರಿಸುವ ಸಂಗೀತದ ಆಸರೆಯೂ ಅಲ್ಲಿಲ್ಲ. ಎರಡೂ ಕಡೆ ಹುಡುಗನ ಪಾಡೇ ಚಿತ್ರದ ವಸ್ತು.

ನಮ್ಮ ಹೊಸ ಅಲೆಯಲ್ಲಿ ಹುಡುಗರಿಗೆ ಬರವಿರಲಿಲ್ಲ. ಗಿರೀಶ ಕಾರ್ನಾಡರ ‘ಕಾಡು’ (1973) ಚಿತ್ರದ ಕಿಟ್ಟಿ ಹೆತ್ತವರಿಂದ ದೂರವಾಗಿ ಬಂಧು ಚಂದ್ರೇಗೌಡನ ಮನೆಯಲ್ಲಿ ಬೆಳೆಯುತ್ತಾನೆ. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ದ (1977) ನಾಣಿ ವೇದ ಕಲಿಯಲು ಉಡುಪರ ಪಾಠಶಾಲೆಗೆ ಬರುತ್ತಾನೆ. ಕಿಟ್ಟಿಯಾಗಿ ನಟಿಸಿದ ಜಿ.ಎಸ್. ನಟರಾಜ್, ನಾಣಿಯಾಗಿ ನಟಿಸಿದ ಅಜಿತ್ ಕುಮಾರ್ ಇಬ್ಬರಿಗೂ ಬಾಲನಟ ರಾಷ್ಟ್ರಪ್ರಶಸ್ತಿ ಬಂತು. ಎರಡೂ ಮಹತ್ವದ ಚಿತ್ರಗಳು. ‘ಘಟಶ್ರಾದ್ಧ’ವಂತೂ ನಾನು ಮತ್ತೆ ಮತ್ತೆ ನೋಡುವ ಚಿತ್ರ. ಆದರೆ ಎರಡರಲ್ಲೂ ಹುಡುಗ ಸಾಕ್ಷಿ ಮಾತ್ರ. ಕಿಟ್ಟಿಯ ಕಣ್ಣಲ್ಲಿ ನಾವು ಚಂದ್ರೇಗೌಡನ ಹೆಂಡತಿ ಕಮಲಿಯ ಸಂಕಟವನ್ನೂ ಊರೂರುಗಳ ನಡುವಿನ ದ್ವೇಷವನ್ನೂ ನೋಡುತ್ತೇವೆ, ನಾಣಿಯ ಕಣ್ಣಲ್ಲಿ ಉಡುಪರ ಮಗಳು ಯಮುನಕ್ಕನ ದುರಂತವನ್ನು. ತಂದೆ ಬಂದು ಕರೆದುಕೊಂಡು ಹೋದ ಮೇಲೆ ನಾಣಿ ಏನಾದ, ಆ ನೋಟ ಅವನನ್ನು ಎಂಥ ಗಂಡಸನ್ನಾಗಿ ಮಾಡಿತು ಎಂದು ಚಿತ್ರ ಕೇಳುವುದಿಲ್ಲ. ಈ ಚಿತ್ರಗಳ ನೆನಪು ಬಂದದ್ದು ಕಾದಂಬರಿ, ಕಥೆಗಳಿಂದ. ಶ್ರೀಕೃಷ್ಣ ಆಲನಹಳ್ಳಿ, ಯು.ಆರ್. ಅನಂತಮೂರ್ತಿಯವರ ಬರಹದಲ್ಲಿ ಆಗಲೇ ಹದಗೊಂಡ ಬಾಲ್ಯವನ್ನು ನಿರ್ದೇಶಕರು ಪಡೆದುಕೊಂಡರು, ತಮ್ಮದನ್ನು ತೆರೆಯಲಿಲ್ಲ.

‘ಘಟಶ್ರಾದ್ಧ’ಕ್ಕೆ ಸಂಗೀತ ಕೊಟ್ಟು ರಾಷ್ಟ್ರಪ್ರಶಸ್ತಿ ಪಡೆದವರು ಬಿ.ವಿ. ಕಾರಂತರು. ಬಂಟ್ವಾಳ ತಾಲ್ಲೂಕಿನ ಮಂಚಿಯಲ್ಲಿ ಹುಟ್ಟಿ, ಮನೆ ಬಿಟ್ಟು ಓಡಿ, ಗುಬ್ಬಿ ಕಂಪನಿ ಸೇರಿದ ಹುಡುಗ ಅವರೇ. ಓದಲು ಅವರನ್ನು ಕಾಶಿಗೆ ಕಳಿಸಿದವರು ವೀರಣ್ಣನವರು. ಇಂಥ ಬಾಲ್ಯವಿದ್ದವರು ತಾವೊಬ್ಬರೇ ಸಿನಿಮಾ ನಿರ್ದೇಶಿಸಲು ನಿಂತಾಗ ಕೈಗೆತ್ತಿಕೊಂಡದ್ದು ಶಿವರಾಮ ಕಾರಂತರ ‘ಚೋಮನ ದುಡಿ’ (1975). ಅದು ಸ್ವರ್ಣಕಮಲ ಪಡೆದ ದೊಡ್ಡ ಕೃತಿ, ಆ ಆಯ್ಕೆಯ ಬಗ್ಗೆ ತಕರಾರಿಲ್ಲ. ಆದರೆ ಅವರ ಬಾಲ್ಯ ಪುಸ್ತಕದಲ್ಲಿ ಉಳಿಯಿತು, ವೈದೇಹಿಯವರು ನಿರೂಪಿಸಿದ ‘ಇಲ್ಲಿರಲಾರೆ, ಅಲ್ಲಿಗೆ ಹೋಗಲಾರೆ’ಯಲ್ಲಿ.

ಆ ಕಂಪನಿಯೊಳಗಿನ ಬಾಲ್ಯ ಎಂಥದ್ದು? 1884ರಲ್ಲಿ ಗುಬ್ಬಿಯಲ್ಲಿ ಶುರುವಾದ ಚನ್ನಬಸವೇಶ್ವರ ನಾಟಕ ಸಂಘಕ್ಕೆ ವೀರಣ್ಣನವರೇ ಎಳೆಯ ಹುಡುಗನಾಗಿ ಸೇರಿ, ಮುಂದೆ ಅದರ ಒಡೆಯರಾದರು. ಒಂದು ಕ್ಯಾಂಪಿನಿಂದ ಇನ್ನೊಂದು ಕ್ಯಾಂಪಿಗೆ ಅಲೆಯುವ ಈ ಲೋಕದಲ್ಲಿ ಹುಡುಗನಿಗೆ ಊಟ ಸಿಗುತ್ತಿತ್ತು, ಮೇಷ್ಟ್ರ ಏಟು ಸಿಗುತ್ತಿತ್ತು, ಹಾರ್ಮೋನಿಯಂ ಮುಂದೆ ತಾಲೀಮು ಸಿಗುತ್ತಿತ್ತು. ಬಾಲಪಾತ್ರ, ಸ್ತ್ರೀಪಾತ್ರ ಮಾಡುತ್ತಿದ್ದವನಿಗೆ ಒಂದು ದಿನ ಗಂಟಲು ಒಡೆಯುತ್ತಿತ್ತು. ಅನ್ನ ಕೊಟ್ಟ ಕಂಠ ಕೈಕೊಟ್ಟಾಗ ಅವನು ತೆರೆ ಎಳೆಯಬೇಕು, ಸೇವಕನ ವೇಷ ಕಟ್ಟಬೇಕು, ಇಲ್ಲವೇ ಹಾಸ್ಯಕ್ಕೆ ಹೊರಳಬೇಕು. ಪ್ರಾಯಕ್ಕೆ ಬರುವುದೆಂದರೆ ಕೆಲಸಕ್ಕೇ ಸಂಚಕಾರ. ಇದಕ್ಕಿಂತ ಒಳ್ಳೆಯ ಚಿತ್ರಕಥೆ ಎಲ್ಲಿದೆ? ಪುಟ್ಟಣ್ಣ ಕಣಗಾಲರ ‘ರಂಗನಾಯಕಿ’ (1981) ಕಂಪನಿಯ ಬಾಗಿಲವರೆಗೂ ಹೋಯಿತು. ಆದರೆ ತಾಯಿಯಿಂದ ಬೇರಾದ ಮಗು ಆ ಚಿತ್ರದಲ್ಲಿ ಬೆಳೆಯುವುದು ತೆರೆಯ ಮರೆಯಲ್ಲಿ. ಮತ್ತೆ ಕಾಣುವಾಗ ಅವನು ಯುವಕ. ಚಿತ್ರ ಹಾರಿದ ಆ ವರ್ಷಗಳೇ ನನಗೆ ಬೇಕಾದವು.

ಕಂಪನಿಯ ಬಾಲ್ಯ ಪರದೆಗೆ ಬಾರದ್ದಕ್ಕೆ ನನಗೆ ಹೊಳೆಯುವ ಮುಖ್ಯ ಕಾರಣ ಪೌರಾಣಿಕ ನಾಟಕಗಳಲ್ಲೇ ಇದೆ. ತಂದೆಯ ತೊಡೆಯಿಂದ ಇಳಿಸಲ್ಪಟ್ಟ ಧ್ರುವ, ತಂದೆಯೇ ಕೊಲ್ಲಹೊರಟ ಪ್ರಹ್ಲಾದ, ಮಾರಾಟವಾದ ಲೋಹಿತಾಶ್ವ: ಕಂಪನಿಯ ಹುಡುಗರಿಗೆ ದಕ್ಕುತ್ತಿದ್ದ ಪಾತ್ರಗಳಿವು. ತಮ್ಮ ನೋವನ್ನು ಹೇಳಲು ಅವರಿಗೆ ದೇವರ ಕಥೆ ಸಿದ್ಧವಾಗಿತ್ತು, ಕೊನೆಗೆ ವರ ಕೊಡುವ ಹರಿಯೂ ಇದ್ದ. ಅಯ್ಯರ್ ‘ಆದಿ ಶಂಕರಾಚಾರ್ಯ’ದಲ್ಲಿ (1983) ತಂದೆಯ ಸಾವನ್ನು ಎದುರಿಸುವ ಪುಟ್ಟ ಶಂಕರನನ್ನು ಎಷ್ಟು ಒಳಗಿನಿಂದ ಚಿತ್ರಿಸಿದ್ದಾರೆಂದರೆ, ಬೇಗ ಮನೆ ಬಿಟ್ಟ ಹುಡುಗನೊಬ್ಬ ಮಾತ್ರ ಹಾಗೆ ಮಾಡಬಲ್ಲನೆಂದು ನನಗೆ ಅನ್ನಿಸುತ್ತದೆ. ಆದರೂ ಅದು ಜಗದ್ಗುರುವಿನ ಬಾಲ್ಯ. ಅಲ್ಲಿ ವೈರಾಗ್ಯಕ್ಕೆ ಎಡೆಯಿದೆ. ಸಿಟ್ಟಿಗೆ, ಕಳ್ಳತನಕ್ಕೆ, ಹಸಿವಿನ ಸುಳ್ಳಿಗೆ ಎಡೆಯಿಲ್ಲ. ತ್ರೂಫೋನ ಆಂತ್ವಾನ್ ಟೈಪ್‌ರೈಟರ್ ಕದಿಯುತ್ತಾನೆ, ತಾಯಿ ಸತ್ತಳೆಂದು ಮೇಷ್ಟ್ರ ಮುಂದೆ ಸುಳ್ಳು ಹೇಳುತ್ತಾನೆ. ನಮ್ಮ ಸಿನಿಮಾದ ಹುಡುಗನಿಗೆ ಇಂಥ ಸ್ವಾತಂತ್ರ್ಯ ಸಿಕ್ಕಿದ್ದು ಕಡಿಮೆ. ನಾಗಾಭರಣರ ‘ಚಿನ್ನಾರಿ ಮುತ್ತ’ (1993), ನಾಗತಿಹಳ್ಳಿಯವರ ‘ಕೊಟ್ರೇಶಿ ಕನಸು’ (1994) ಮನಸ್ಸಿಗೆ ಹತ್ತಿರವಾದ ಚಿತ್ರಗಳೇ; ಅವುಗಳ ಹುಡುಗರೂ ನಮ್ಮ ಕನಿಕರಕ್ಕೆ ತಕ್ಕಷ್ಟು ಒಳ್ಳೆಯವರು.

ಒಂದು ಚಿತ್ರ ಮಾತ್ರ ಕಂಪನಿಯ ಹುಡುಗನ ಕಡೆಗೆ ದಾರಿ ತೋರಿದೆ. ರಾಮಚಂದ್ರ ಪಿ.ಎನ್. ಅವರು ಫಿಲ್ಮ್ಸ್ ಡಿವಿಷನ್‌ಗಾಗಿ ಮಾಡಿದ ‘ಬಿ.ವಿ. ಕಾರಂತ್: ಬಾಬಾ’ ಸಾಕ್ಷ್ಯಚಿತ್ರ ಕಾರಂತರ ಆತ್ಮಕಥೆಯನ್ನೇ ಆಧರಿಸಿದೆ. ಸಾಕ್ಷ್ಯಚಿತ್ರವೊಂದು ಇಷ್ಟು ಮಾಡಿದ ಮೇಲೆ ಕಥಾಚಿತ್ರದವರು ಸುಮ್ಮನಿರುವುದಕ್ಕೆ ನೆಪವಿಲ್ಲ.

ಸರಕಿಗೆ ಕೊರತೆಯಿಲ್ಲ. ಗುಬ್ಬಿ, ಕುಣಿಗಲ್ ಸುತ್ತಿನ ಹಳ್ಳಿಗಳಲ್ಲಿ ಇವತ್ತಿಗೂ ‘ಕುರುಕ್ಷೇತ್ರ’ ಕಟ್ಟುತ್ತಾರೆ, ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ತಾಲೀಮು ಮಾಡಿಸುತ್ತಾರೆ. ತುಮಕೂರಿನ ಸಿದ್ಧಗಂಗೆಯಲ್ಲಿ ಮನೆಯಿಂದ ದೂರವಿದ್ದು ಉಂಡು ಓದಿದ ಸಾವಿರಾರು ಹುಡುಗರಲ್ಲಿ ಈಗ ಕ್ಯಾಮೆರಾ ಹಿಡಿದವರೂ ಇರಬಹುದು. ಅವರಲ್ಲಿ ನನ್ನದೊಂದು ಬೇಡಿಕೆ. ಮೊದಲ ಚಿತ್ರಕ್ಕೆ ಕಾದಂಬರಿ ಹುಡುಕಬೇಡಿ. ವೀರಣ್ಣನವರ ‘ಕಲೆಯೇ ಕಾಯಕ’ವನ್ನೂ ಕಾರಂತರ ಆತ್ಮಕಥೆಯನ್ನೂ ಓದಿ, ಆಮೇಲೆ ನಿಮ್ಮ ಬಾಲ್ಯವನ್ನು ಬರೆಯಿರಿ. ಅದರಲ್ಲಿ ನೀವು ಮಾಡಿದ ತಪ್ಪುಗಳನ್ನು ಬಿಡಬೇಡಿ.